ಗಂಟೆ ಹೊರಗಿದ್ದವರ ಕೈಲಿ

ಮಾರ್ಚ್ 3

ಪುಟ್ಟಾ,

ನೂರಾ ಹತ್ತು ಕಿಲೋ ತೂಗುವವನನ್ನು ಪುಟ್ಟ ಎಂದು ಕರೆಯುವವಳು ಈ ಭೂಮಿಯ ಮೇಲೆ ನಾನೊಬ್ಬಳೇ ಉಳಿದಿರುವುದು. ಅಂಥವಳ ಫೋನನ್ನು ಹತ್ತೊಂಬತ್ತು ದಿನದಿಂದ ನೀನು ಎತ್ತುತ್ತಿಲ್ಲ. ಅದಕ್ಕೇ ಕಾಗದ. ಫೋನಾದರೆ ಕಟ್ ಮಾಡಬಹುದು, ಕಾಗದವನ್ನು ಹರಿಯಬೇಕು. ಅಷ್ಟು ಸಿಟ್ಟು ನಿನಗೆ ಬರುವುದಿಲ್ಲ ಎಂಬ ಧೈರ್ಯ ನನಗಿದೆ.

"ಗಂಟಲು ಕೆಟ್ಟಿದೆ, ಒಂದು ವಾರ ಬರಲ್ಲ" ಅಂದು ಹೋದೆ. ಆ ಒಂದು ವಾರ ಮೂರಾಯಿತು. ನಿನ್ನೆ ಮೇಷ್ಟ್ರು ಹೇಳುತ್ತಾರೆ, ನೀನು ಬೇರೆ ಊರಿನಲ್ಲಿ ಬೀಗದ ಅಂಗಡಿ ಸೇರಿದ್ದೀಯಂತೆ, ಅದರ ಮೇಲೆಯೇ ರೂಮು ಮಾಡಿದ್ದೀಯಂತೆ. ನಮ್ಮ ತಂಡದಲ್ಲಿ ಕೀಬೋರ್ಡ್ ನುಡಿಸಿಕೊಂಡಿರುವ ಮೇಷ್ಟ್ರಿಗೆ ಗೊತ್ತು, ಒಡಹುಟ್ಟಿದ ಅಕ್ಕನಿಗೆ ಗೊತ್ತಿಲ್ಲ. ಯಾವ ನ್ಯಾಯ ಕಣೋ ಇದು?

ಅದೂ ಅಂಥ ಒಂದು ಶನಿವಾರದ ಮಾರನೇ ದಿನ! ಹನ್ನೊಂದು ವರ್ಷ ಬರೆದಿಟ್ಟ ಒಂದು ಮಾತೂ ಇಲ್ಲದೆ, ಪ್ರೇಕ್ಷಕರು ಕೊಟ್ಟಿದ್ದನ್ನೇ ಹಿಡಿದು ದಿಢೀರ್ ನಾಟಕ ಕಟ್ಟಿದ್ದೇವೆ. ಅಷ್ಟು ನಗು ಒಂದು ದಿನವೂ ಬಿದ್ದಿರಲಿಲ್ಲ. 'ಕೈಗಡ' ಆಟ ನಾವು ಸಾವಿರ ಸಲ ಆಡಿದ್ದೇವೆ. ನೀನು ಕೈ ಹಿಂದೆ ಕಟ್ಟಿ ಕೂರುವುದು, ಪ್ರೇಕ್ಷಕನೊಬ್ಬ ಹಿಂದಿನಿಂದ ನಿನ್ನ ಕಂಕುಳಲ್ಲಿ ತನ್ನ ಕೈ ತೂರಿಸುವುದು, ಮಾತು ನಿನ್ನದು ಕೈ ಅವನದು. ಆದರೆ ನೀನು ತೂಕ ಇಳಿಸುವ ಡಾಕ್ಟರು ಆಗಬೇಕು ಎಂದು ಜನ ಕೂಗಿದ್ದೇನು, ಆಫೀಸಿನ ಗುಂಪಿನ ಜೊತೆ ಬಂದಿದ್ದ ಆ ಕನ್ನಡಕದವನು ಮೇಜಿನ ಮೇಲಿದ್ದ ಬನ್ನುಗಳನ್ನು ಒಂದರ ಮೇಲೊಂದು ನಿನ್ನ ಬಾಯಿಗೆ ಹಾಕಿದ್ದೇನು! ಅವನು ಸ್ವಲ್ಪ ಅತಿ ಮಾಡಿದ, ಒಪ್ಪುತ್ತೇನೆ. ಆದರೆ ಗಂಟಲಿಗೆ ಸಿಕ್ಕಿದಂತೆ ಮಾಡುವ ನಿನ್ನ ಹಳೇ ನಟನೆ ಆವತ್ತು ಎಲ್ಲಿಗೆ ಹೋಗಿ ಮುಟ್ಟಿತು! ನೀನು ಕುರ್ಚಿಸಮೇತ ಉರುಳಿದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು.

ಅಂಥ ಚಪ್ಪಾಳೆ ಬಿಟ್ಟು ಬೀಗಕ್ಕೆ ಎಣ್ಣೆ ಬಿಡಲು ಹೋದೆಯಾ? ಗಂಟಲು ಸರಿಹೋದ ತಕ್ಷಣ ಬಾ.

ಸಿಟ್ಟು ಮಾಡಿಕೊಂಡೇ ಕಾಯುತ್ತಿರುವ
ಅಕ್ಕ

ಮಾರ್ಚ್ 24

ಪುಟ್ಟಾ,

ನಿನ್ನ ಉತ್ತರ ಬರಲಿಲ್ಲ. ಇರಲಿ, ನಿನ್ನ ಪಾಲಿನದನ್ನೂ ನಾನೇ ಬರೆಯುತ್ತೇನೆ. ನಮ್ಮಿಬ್ಬರ ಪಾಲಿನ ಮಾತು ಆಡಿ ನನಗೆ ಮೊದಲಿನಿಂದ ಅಭ್ಯಾಸ.

ಎಷ್ಟು ಶನಿವಾರ ಎಂದು ಆಟ ನಿಲ್ಲಿಸುವುದು? ಹೊಸಬನೊಬ್ಬನನ್ನು ಸೇರಿಸಿಕೊಂಡಿದ್ದೇವೆ. ಹಗಲು ಕೊರಿಯರ್ ಆಫೀಸಿನಲ್ಲಿ ಕೆಲಸ. ಗಾಳಿ ಬಂದರೆ ಹಾರಿಹೋಗುವ ಮೈ, ಬಂದ ದಿನವೇ ಮೇಷ್ಟ್ರು 'ಕಡ್ಡಿ' ಎಂದು ನಾಮಕರಣ ಮಾಡಿದರು. ಜನ ಬಂದು "ಎಲ್ಲಿ ನಿಮ್ಮ ಆನೆಮರಿ?" ಎಂದು ನಿನ್ನನ್ನೇ ಕೇಳುತ್ತಾರಲ್ಲ, ಅದಕ್ಕೆ ಕಡ್ಡಿಯ ಹೊಟ್ಟೆಗೆ ಒಂದು ದಿಂಬು ಕಟ್ಟಿದೆ. ಚೆನ್ನಾಗಿಯೇ ನಕ್ಕರು. ಅರ್ಧ ನಗು ದಿಂಬಿನದು, ಅರ್ಧ ಅವನದು.

ಅವನಿಗೆ ಗಂಟೆಯ ನಿಯಮ ಹೇಳಿಕೊಟ್ಟೆ. ಅಪ್ಪನ ಲಾಡ್ಜಿನ ಕೌಂಟರಿನಲ್ಲಿದ್ದ ಅದೇ ಒತ್ತುವ ಗಂಟೆ, ಅದು ಟಿಂಗ್ ಅಂದರೆ ಆಟ ಅಲ್ಲಿಗೆ ನಿಲ್ಲಬೇಕು. ಅವನು "ಅಕ್ಕಾ, ಒಳಗಿರೋನಿಗೆ ಕಷ್ಟ ಆದ್ರೆ ಅವನೇ ಹೊಡೀಬಹುದಾ?" ಅಂದ. "ಒಳಗಿರೋನಿಗೆ ಆಟ ಕಾಣಲ್ಲಪ್ಪ, ಗಂಟೆ ಯಾವಾಗಲೂ ಹೊರಗಿದ್ದವರ ಕೈಲಿರಬೇಕು" ಅಂದೆ. ನೀನು ಬಂದ ಹೊಸದರಲ್ಲಿ ನಿನಗೂ ಹೀಗೇ ಹೇಳಿದ್ದೆ, ನೆನಪಿದೆಯಾ? ನೀನು ಪ್ರಶ್ನೆ ಕೇಳದೆ ತಲೆ ಆಡಿಸಿದ್ದೆ.

ಮೇಕಪ್ ಕೋಣೆಯಲ್ಲಿ ನಿನ್ನ ಅಗಲದ ಕುರ್ಚಿಯಲ್ಲಿ ಯಾರನ್ನೂ ಕೂರಿಸಿಲ್ಲ. ಕಡ್ಡಿ ಗೊತ್ತಿಲ್ಲದೆ ಕೂರಲು ಹೋದಾಗ ಎಷ್ಟು ಜೋರಾಗಿ ಕೂಗಿದೆನೆಂದರೆ ಪಾಪ, ಆಟ ಮುಗಿಯುವವರೆಗೂ ನಿಂತೇ ಇದ್ದ. ಆಟ ಆದಮೇಲೆ ನಾನು ಕನ್ನಡಿಯ ಮುಂದೆ ಬಣ್ಣ ಒರೆಸುತ್ತಾ "ಇವತ್ತು ಆ ಎರಡನೇ ಸಾಲಿನವರು..." ಎಂದು ಶುರು ಮಾಡಿ ಪಕ್ಕಕ್ಕೆ ತಿರುಗುತ್ತೇನೆ. ಪಕ್ಕದಲ್ಲಿ ಕುರ್ಚಿ. ವಾಕ್ಯ ಮುಗಿಸದೆ ಮನೆಗೆ ಹೋಗುತ್ತೇನೆ. ನೀನಿಲ್ಲದೆ ಏನೂ ಚೆನ್ನಾಗಿಲ್ಲ ಪುಟ್ಟ. ಇಷ್ಟು ಬರೆಯಲು ಎರಡು ಪುಟ ಬೇಕಾಯಿತು ನೋಡು.

ಅರ್ಧ ವಾಕ್ಯಗಳ
ಅಕ್ಕ

ಮಾರ್ಚ್ 30

ಅಕ್ಕಾ,

ಎರಡೂ ಕಾಗದ ಬಂದವು. ಹರಿದಿಲ್ಲ.

ದಿಂಬು ಚೆನ್ನಾಗಿ ನಗಿಸಿತು ಎಂದು ತಿಳಿದು ಸಂತೋಷ. ದಿಂಬಿಗೆ ಉಸಿರು ಕಟ್ಟುವುದಿಲ್ಲ, ಅದೊಂದು ಅನುಕೂಲ.

ಆವತ್ತು ನಾನು ನಟನೆ ಮಾಡಲಿಲ್ಲ.

ಅಂಗಡಿಯಲ್ಲಿ ಕೆಲಸ ಜಾಸ್ತಿ.

ನಿನ್ನ ತಮ್ಮ

ಏಪ್ರಿಲ್ 4

ಪುಟ್ಟಾ,

ನಿನ್ನ ಕಾಗದ ಓದಿ ಅರ್ಧ ದಿನ ಕೈಕಾಲು ಆಡಲಿಲ್ಲ. ಉಳಿದರ್ಧ ದಿನ ಸಿಟ್ಟು ಬಂತು. ಸಿಟ್ಟು ಆರುವ ಮೊದಲೇ ಬರೆಯುತ್ತಿದ್ದೇನೆ.

ನನಗೆ ಹೇಗೆ ಗೊತ್ತಾಗಬೇಕಿತ್ತು, ಹೇಳು? ಗಂಟಲಿಗೆ ಸಿಕ್ಕಿದಂತೆ ನಟಿಸುವುದನ್ನು ವಾರ ವಾರವೂ ಮಾಡಿದವನು ನೀನು. ತೋಳ ಬಂತು ತೋಳ ಎಂದು ಹನ್ನೊಂದು ವರ್ಷ ಕೂಗಿ, ನಿಜವಾದ ತೋಳ ಬಂದ ದಿನ ಯಾಕೆ ಓಡಿಬರಲಿಲ್ಲ ಎಂದರೆ? ಅಷ್ಟೆಲ್ಲ ಆದಮೇಲೂ ನೀನು ಎದ್ದು ನಿಂತು ನಕ್ಕೆ. ಜನರಿಗೆ ಕೈ ಮುಗಿದೆ. ಆ ಕನ್ನಡಕದವನ ಬೆನ್ನು ಬೇರೆ ತಟ್ಟಿದೆ! ಒಳಗೆ ಬಂದ ಮೇಲಾದರೂ ಒಂದು ಮಾತು ಆಡಬಾರದಿತ್ತೇ? ನೀರು ಕುಡಿದು, ಬ್ಯಾಗು ತಗೊಂಡು, "ಗಂಟಲು ಕೆಟ್ಟಿದೆ" ಅಂದೆ. ಅಷ್ಟೇ ಅಂದೆ.

ಪ್ರೇಕ್ಷಕ ಏನು ಕೊಟ್ಟರೂ ಒಪ್ಪಿಕೊಳ್ಳಬೇಕು, ಬೇಡ ಅಂದರೆ ಆಟ ಸತ್ತಂತೆ. ಇದು ನಾನು ಇವತ್ತು ಹುಟ್ಟಿಸಿದ ನಿಯಮವಲ್ಲ, ಈ ಕೆಲಸದಲ್ಲಿರುವವರೆಲ್ಲ ಇದರಲ್ಲೇ ಬದುಕುವುದು. ಹೇಳದೇ ಇದ್ದದ್ದನ್ನು ತಿಳಿಯಲು ನಾನೇನು ದೇವರೇ?

ಆವತ್ತಿನ ಆಟವನ್ನು ಮೇಷ್ಟ್ರು ಫೋನಿನಲ್ಲಿ ಹಿಡಿದಿದ್ದಾರಂತೆ. ತರಿಸಿ ನೋಡುತ್ತೇನೆ. ನೋಡಿದರೆ ನೀನೂ ಒಪ್ಪುತ್ತೀಯ, ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ.

ಅಕ್ಕ

ಏಪ್ರಿಲ್ 17

ಪುಟ್ಟಾ,

ನೋಡಿದೆ.

ಆರು ನಿಮಿಷ ನಲವತ್ತು ಸೆಕೆಂಡು. ಮೂರು ಸಲ ನೋಡಿದೆ, ನಾಲ್ಕನೇ ಸಲ ಧ್ವನಿ ಆರಿಸಿ ನೋಡಿದೆ. ನಗು ಕೇಳಿಸದಿದ್ದರೆ ಅದರಲ್ಲಿ ತಮಾಷೆ ಏನೂ ಇಲ್ಲ. ಒಬ್ಬ ಮನುಷ್ಯ ಇನ್ನೊಬ್ಬನ ಬಾಯಿಗೆ ತುರುಕುತ್ತಿದ್ದಾನೆ, ಎಡಗೈಯಿಂದ ಅವನ ಮೂಗು ಮುಚ್ಚಿ ಹಿಡಿದಿದ್ದಾನೆ. ಮೂಗು ಹಿಡಿದದ್ದನ್ನು ಆವತ್ತು ನಾನು ಕಂಡೇ ಇರಲಿಲ್ಲ.

ನಟನೆ ಮಾಡುವಾಗ ನೀನು ಎಡಗಾಲು ಬಡಿಯುವುದು. ಮೂರೇ ಸಲ, ಮೇಷ್ಟ್ರು ಕೀಬೋರ್ಡಿನಲ್ಲಿ ಹಿಡಿಯಲಿ ಎಂದು ತಾಳಕ್ಕೆ ಸರಿಯಾಗಿ. ನಿನಗೆ ಅದನ್ನು ಹೇಳಿಕೊಟ್ಟವಳೇ ನಾನು. ಆವತ್ತು ಎರಡೂ ಕಾಲು ಬಡಿದೆ, ತಾಳವಿರಲಿಲ್ಲ. ಮೇಷ್ಟ್ರು ನುಡಿಸುವುದನ್ನು ನಿಲ್ಲಿಸಿಬಿಟ್ಟಿದ್ದಾರೆ. ಅವರಿಗೆ ಗೊತ್ತಾಗಿತ್ತು. ಕೇಳಿದರೆ "ನೀವು ಅಲ್ಲೇ ಇದ್ರಲ್ಲಮ್ಮಾ, ಅಕ್ಕನಿಗಿಂತ ನನಗೆ ಹೆಚ್ಚು ಗೊತ್ತಾ ಅಂದ್ಕೊಂಡೆ" ಅಂದರು.

ವಿಡಿಯೋದ ಅಂಚಿನಲ್ಲಿ ಒಬ್ಬಳು ಹೆಂಗಸಿದ್ದಾಳೆ. ಗಂಟೆಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಾಳೆ. ನೀನು ನಾಲ್ಕು ಸಲ ಅವಳ ಕಡೆ ತಿರುಗಿದೆ. ನಾಲ್ಕು ಸಲವೂ ಅವಳು ಜನರನ್ನು ನೋಡುತ್ತಿದ್ದಾಳೆ, ಹಲ್ಲು ಕಿರಿದುಕೊಂಡು. ಅವಳ ಕೈ ಗಂಟೆಯಿಂದ ಒಂದು ಅಂಗುಲ ಮೇಲೆ ಎದ್ದದ್ದೂ ಇದೆ. ಅಷ್ಟರಲ್ಲಿ ಮತ್ತೊಂದು ದೊಡ್ಡ ನಗು ಬಿತ್ತು, ಕೈ ಸುಮ್ಮನಾಯಿತು.

ಹಿಂದಿನ ಕಾಗದ ಹರಿದುಹಾಕು. ತಪ್ಪಾಯಿತು ಪುಟ್ಟ. ಯಾರಿಗೂ ಗೊತ್ತಾಗುವ ಹಾಗಿರಲಿಲ್ಲ ಎಂದು ಬರೆದೆನಲ್ಲ, ನೋಡಿದ್ದರೆ ಗೊತ್ತಾಗುತ್ತಿತ್ತು.

ಪ್ರೇಕ್ಷಕರನ್ನು ಮೇಲೆ ಕರೆಯುವುದೇ ಬೇಡ ಎನ್ನುತ್ತಾರೆ ಮೇಷ್ಟ್ರು. ಅದಿಲ್ಲದೆ ನಮ್ಮ ಆಟ ಏನುಳಿಯಿತು ಎನ್ನುತ್ತಾನೆ ಕಡ್ಡಿ. ಹನ್ನೊಂದು ವರ್ಷ ಎಲ್ಲರಿಗೂ ಬುದ್ಧಿ ಹೇಳಿದ ನನಗೆ ಈಗ ಏನೂ ತೋಚುತ್ತಿಲ್ಲ. ಆ ಕುರ್ಚಿಯಲ್ಲಿ ಕೂತಿದ್ದವನು ನೀನು. ಏನು ಮಾಡಬೇಕಿತ್ತು, ನೀನೇ ಹೇಳು.

ನಿನ್ನ ಗಂಟಲು ಈಗ ಹೇಗಿದೆ? ಇದನ್ನು ಮೊದಲನೇ ಕಾಗದದಲ್ಲೇ ಕೇಳಬೇಕಿತ್ತು.

ತಲೆ ತಗ್ಗಿಸಿಕೊಂಡು,
ಅಕ್ಕ

ಮೇ 12

ಅಕ್ಕಾ,

ಗಂಟಲು ವಾಸಿಯಾಗಿದೆ. ಉತ್ತರ ತಡವಾಯಿತು. ಮುರಿದ ಕೀಲಿಯನ್ನು ಬೀಗದೊಳಗಿನಿಂದ ತೆಗೆಯುವುದು ಈಗ ನನ್ನ ದಿನದ ಕೆಲಸ. ಅವಸರ ಮಾಡಿದರೆ ಉಳಿದ ತುಂಡೂ ಒಳಗೇ ಹೋಗುತ್ತದೆ.

ಆ ಮನುಷ್ಯ ಕೆಟ್ಟವನೆಂದು ನನಗನ್ನಿಸುವುದಿಲ್ಲ. ಮೊದಲನೇ ಬನ್ನನ್ನು ಮುರಿದು ಚಿಕ್ಕ ಚೂರಾಗಿ ಕೊಟ್ಟ. ಕಿವಿಯ ಹತ್ತಿರ "ಸಾರಿ ಸರ್" ಅಂದ. ಎರಡನೆಯದಕ್ಕೆ ಜನ ನಕ್ಕರು. ಮೂರನೆಯದಕ್ಕೆ ಅವನ ಆಫೀಸಿನವರು ಅವನ ಹೆಸರು ಹಿಡಿದು ಕೂಗಿದರು. ಆಮೇಲೆ ಅವನು ಸಾರಿ ಹೇಳಲಿಲ್ಲ.

ಏಳಬಹುದಿತ್ತು. ನನ್ನ ಮೈಯ ಮುಂದೆ ಅವನು ಯಾವ ಲೆಕ್ಕ? ಆದರೆ ಏಳಲಿಲ್ಲ, ಈಗ ಅಕ್ಕ ಗಂಟೆ ಹೊಡೆಯುತ್ತಾಳೆ, ಈಗ ಹೊಡೆಯುತ್ತಾಳೆ ಎಂದು ಕಾದೆ. ಉಸಿರು ಸಿಗದೆ ಇದ್ದದ್ದು ಬಹುಶಃ ಅರ್ಧ ನಿಮಿಷ. ಅದಕ್ಕಿಂತ ಕಾದದ್ದೇ ಉದ್ದ.

ಬಿದ್ದು ಎದ್ದಮೇಲೆ ಯಾಕೆ ನಕ್ಕೆ ಎಂದು ಕೇಳಿದ್ದೆ. ಚಿಕ್ಕಪ್ಪನ ಮನೆಯಲ್ಲಿ ಯಾಕೆ ನಗುತ್ತಿದ್ದೆನೋ ಅದಕ್ಕೇ. ರಜೆಯಲ್ಲಿ ಆ ಉದ್ದದ ಮೇಜಿನಲ್ಲಿ ನನ್ನನ್ನು ನಡುವೆ ಕೂರಿಸಿ ಚಿಕ್ಕಪ್ಪ ಒಂದೊಂದೇ ಬಡಿಸುತ್ತಿದ್ದರು, "ಇನ್ನೊಂದು ಹೋಗುತ್ತೆ ನೋಡ್ರೋ" ಎಂದು. ಎಲ್ಲರೂ ಊಟ ಬಿಟ್ಟು ನನ್ನ ಬಾಯಿ ನೋಡುವುದು. ನೀನು ಸೌಟನ್ನು ಮೈಕಿನ ಹಾಗೆ ಹಿಡಿದು ರೇಡಿಯೋದವರಂತೆ ವೀಕ್ಷಕ ವಿವರಣೆ ಕೊಡುತ್ತಿದ್ದೆ. ನನಗೆ ಆಗ ಏಳು ವರ್ಷ. ನಿನ್ನ ವಿವರಣೆ ಬಹಳ ಚೆನ್ನಾಗಿರುತ್ತಿತ್ತು ಅಕ್ಕ, ನನಗೇ ನಗು ಬರುತ್ತಿತ್ತು. ಹೊಟ್ಟೆ ನೋಯುತ್ತಿತ್ತು, ನಗುವೂ ಬರುತ್ತಿತ್ತು. ನಿಲ್ಲಿಸಿ ಅಂದರೆ ನಿನ್ನ ವಿವರಣೆಯೂ ನಿಂತುಹೋಗುತ್ತದಲ್ಲ ಎಂದು ತಿನ್ನುತ್ತಿದ್ದೆ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಆ ಶನಿವಾರದ ನಂತರ ಯಾರ ಎದುರೂ ನನಗೆ ತಿನ್ನಲಾಗುತ್ತಿಲ್ಲ. ಯಾರಾದರೂ ನೋಡುತ್ತಿದ್ದಾರೆ ಅನ್ನಿಸಿದರೆ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ. ಮಧ್ಯಾಹ್ನ ಅಂಗಡಿಯ ಷಟರ್ ಎಳೆದು, ಗೋಡೆಗೆ ಮುಖ ಮಾಡಿ ಕೂತು ತಿನ್ನುತ್ತೇನೆ. ಅಂಗಡಿಯ ಯಜಮಾನರು ಒಳ್ಳೆಯವರು, ನನಗೆ ಏನೋ ಧ್ಯಾನದ ಅಭ್ಯಾಸ ಇದೆ ಅಂದುಕೊಂಡಿದ್ದಾರೆ.

ಏನು ಮಾಡಬೇಕಿತ್ತು ಎಂದು ಕೇಳಿದ್ದೀಯ. ಜನರನ್ನು ಕರೆಯುವುದು ನಿಲ್ಲಿಸಬೇಡ, ಅವರಿಂದಲೇ ನಮಗೆ ಅನ್ನ. ಆದರೆ ಮೇಲೆ ಬಂದವನಿಗೆ ಆಟ ಶುರುವಾಗುವ ಮೊದಲೇ, ಎಲ್ಲರಿಗೂ ಕೇಳುವ ಹಾಗೆ ಹೇಳು, ಏನು ಮುಟ್ಟಬಹುದು ಏನು ಮುಟ್ಟಬಾರದು ಎಂದು. ಅವನ ಗುಂಪು ಅವನ ಹೆಸರು ಕೂಗಲು ಶುರು ಮಾಡಿದರೆ, ಆಗಿನಿಂದ ಅವನು ನಿನ್ನ ಮಾತು ಕೇಳುವುದಿಲ್ಲ ಎಂದು ತಿಳಿ. ನಿಲ್ಲಿಸು. ನಿಲ್ಲಿಸುವಾಗ ಅವನನ್ನು ಗೇಲಿ ಮಾಡಬೇಡ. ನಿನ್ನ ನಾಲಿಗೆಗೆ ಅದು ಸುಲಭ, ಆದರೆ ಗೇಲಿ ಮಾಡಿದರೆ ಆ ಕುರ್ಚಿಯಲ್ಲಿ ಅವನನ್ನು ಕೂರಿಸಿದ ಹಾಗಾಯಿತು, ಅಷ್ಟೇ. ಮತ್ತೆ ಒಳಗಿರುವವನ ಕೈಗೂ ಒಂದು ಗಂಟೆ ಕೊಡು. ಕೈ ಕಟ್ಟಿದ್ದರೆ ಕಾಲ ಬುಡದಲ್ಲಿಡು.

ಇನ್ನು ಎಲ್ಲದಕ್ಕಿಂತ ಮೊದಲು, ಹೊರಗೆ ನಿಂತವಳು ಜನರನ್ನು ನೋಡದಿರಲಿ.

ನಿನ್ನ ತಮ್ಮ

ಜೂನ್ 5

ಪುಟ್ಟಾ,

ನಿನ್ನ ಕಾಗದ ಓದಿದ ದಿನದಿಂದ ಷಟರ್ ಎಳೆದ ಅಂಗಡಿಯೊಂದು ಕಣ್ಣಿಗೆ ಕಟ್ಟಿದಂತಿದೆ. ಊಟಕ್ಕೆ ಕೂತರೆ ನನಗೂ ಇಳಿಯುವುದಿಲ್ಲ.

ಚಿಕ್ಕಪ್ಪನ ಮನೆಯ ಮಾತು ಎತ್ತಿದ್ದೀಯ. ನಾನು ಆ ವಿವರಣೆ ಯಾಕೆ ಶುರು ಮಾಡಿದೆ ಗೊತ್ತಾ? ಅವರೆಲ್ಲ ನಿನ್ನನ್ನು ನೋಡಿ ನಗುತ್ತಿದ್ದರು. ನಾನು ಮಾತಾಡಿದರೆ ನಿನ್ನನ್ನು ಬಿಟ್ಟು ನನ್ನ ಮಾತಿಗೆ ನಗುತ್ತಾರೆ ಎಂದುಕೊಂಡೆ. ಹನ್ನೊಂದು ವರ್ಷದ ಹುಡುಗಿಗೆ ಅಷ್ಟೇ ಬುದ್ಧಿ. ಚಿಕ್ಕಪ್ಪನ ಕೈಯಿಂದ ಪಾತ್ರೆ ಕಿತ್ತುಕೊಳ್ಳಬಹುದಿತ್ತು ಎಂದು ಹೊಳೆಯಲು ನನಗೆ ನಲವತ್ತು ತುಂಬಬೇಕಾಯಿತು.

ನೀನು ಹೇಳಿದ್ದನ್ನೆಲ್ಲ ಮಾಡಿದ್ದೇವೆ. ಎರಡು ಗಂಟೆ ತಂದೆವು, ಒಂದು ಒಳಗಿರುವವರಿಗೆ, ಒಂದು ಹೊರಗಿರುವವರಿಗೆ. ದಿಂಬು ಮಂಚಕ್ಕೆ ವಾಪಸ್ ಹೋಯಿತು. ಕಳೆದ ಶನಿವಾರ ಕಡ್ಡಿಗೆ ಕೈ ಕೊಡಲು ಒಬ್ಬ ಹೆಂಗಸು ಬಂದರು, ನೋಡಿದರೆ ಸಾಧು. ಎರಡು ನಿಮಿಷ ಚೆನ್ನಾಗಿತ್ತು. ಆಮೇಲೆ ಅವನ ಕಿವಿ ಹಿಡಿದು ತಿರುಚಿದರು, ಜನ ಹೋ ಎಂದರು, ಇನ್ನೂ ಜೋರಾಗಿ ತಿರುಚಿದರು. ಕಡ್ಡಿ ನಗುತ್ತಲೇ ಇದ್ದ, ಕಾಲ ಬುಡದಲ್ಲಿ ಗಂಟೆ ಇದ್ದರೂ ಒತ್ತಲಿಲ್ಲ. ನಗುವುದರಲ್ಲಿ ಅವನೂ ನಿನ್ನ ಹಾಗೇ. ಆದರೆ ಈ ಸಲ ನಾನು ಅವನನ್ನೇ ನೋಡುತ್ತಿದ್ದೆ. ಹೊಡೆದೆ.

ಇಡೀ ಸಭಾಂಗಣ ಗಪ್‌ಚುಪ್. ಯಾರೋ "ಅಯ್ಯೋ, ಈಗ ತಾನೇ ಮಜಾ ಬರ್ತಿತ್ತು" ಅಂದರು. "ಸಾಕಮ್ಮಾ, ಬನ್ನಿ" ಎಂದು ಆ ಹೆಂಗಸಿನ ಕೈ ಹಿಡಿದು ಅವರ ಜಾಗಕ್ಕೆ ಬಿಟ್ಟುಬಂದೆ. ನಾಲಿಗೆ ತುದಿಗೆ ಮೂರು ಜೋಕು ಬಂದಿದ್ದವು, ಮೂರನ್ನೂ ನುಂಗಿದೆ. ಹತ್ತು ನಿಮಿಷ ಒಬ್ಬರೂ ನಗಲಿಲ್ಲ. ಒಳಗೆ ಬಂದಮೇಲೆ ಕಡ್ಡಿ ಕೆಂಪಾದ ಕಿವಿ ಹಿಡಿದುಕೊಂಡು "ಥ್ಯಾಂಕ್ಸ್ ಅಕ್ಕ" ಅಂದ. ನನಗೆ ಅಳು ಬಂತು. ಆ ಗಂಟೆ ನಾನು ಹೊಡೆಯಬೇಕಿದ್ದದ್ದು ಫೆಬ್ರವರಿಯಲ್ಲಿ.

ಅಪ್ಪನ ಗಂಟೆಯನ್ನು ಇದರ ಜೊತೆ ಕಳಿಸಿದ್ದೇನೆ. ಇನ್ನು ಅದು ನಿನ್ನ ಕೈಲಿರಲಿ.

ವೇದಿಕೆಗೆ ಬಾ ಎಂದು ಕರೆಯುತ್ತಿಲ್ಲ, ಆ ಆಸೆ ಬಿಟ್ಟಿದ್ದೇನೆ. ನಿನ್ನ ಜೊತೆ ಕೂತು ಒಂದು ಊಟ ಮಾಡಬೇಕು. ಆಗುವುದಿಲ್ಲ ಎಂದರೆ ಷಟರಿನ ಹೊರಗೆ ಕೂತು ನನ್ನ ಪಾಲಿನದು ತಿಂದು ಬರುತ್ತೇನೆ. ಅಷ್ಟಾದರೂ ಒಪ್ಪು.

ನಿನ್ನನ್ನು ನೋಡದೆ ಸೊರಗಿರುವ
ಅಕ್ಕ

ಜೂನ್ 14

ಅಕ್ಕಾ,

ಗಂಟೆ ಬಂತು. ಕೌಂಟರಿನ ಮೇಲಿಟ್ಟರೆ ಗಿರಾಕಿಗಳು ಸುಮ್ಮಸುಮ್ಮನೆ ಒತ್ತುತ್ತಾರೆ. ಅದಕ್ಕೇ ಮೇಲೆ ರೂಮಿಗೆ ತಂದಿಟ್ಟೆ.

ಮುಂದಿನ ಭಾನುವಾರ ಮಧ್ಯಾಹ್ನ ಬಾ. ಅಡುಗೆ ನೀನೇ ತಾ, ನನ್ನ ಕೈಯಡುಗೆ ನಿನಗೆ ಗೊತ್ತೇ ಇದೆ. ಗಂಟೆ ನನ್ನ ತಟ್ಟೆಯ ಪಕ್ಕ ಇರುತ್ತದೆ. ತಿನ್ನುವಾಗ ನೀನು ವಿವರಣೆ ಶುರು ಮಾಡಿದರೆ ಹೊಡೆಯುತ್ತೇನೆ. ನನಗೆ ತಿನ್ನಲಾಗದೆ ಹೋದರೂ ಹೊಡೆಯುತ್ತೇನೆ. ಆಗ ನೀನು ಎದ್ದು ಬಸ್ಸು ಹತ್ತಬೇಕು, ಯಾಕೆ ಎಂದು ಕೇಳಬಾರದು.

ಒಪ್ಪಿಗೆಯಿದ್ದರೆ ಬಾ.

ನಿನ್ನ ತಮ್ಮ

ಜೂನ್ 23

ಅಕ್ಕಾ,

ನಿನ್ನೆ ನಿನ್ನನ್ನು ಬಸ್ಸು ಹತ್ತಿಸಿ ಬಂದವನು ಇವತ್ತೇ ಬರೆಯುತ್ತಿದ್ದೇನೆ. ಎದುರಿಗೆ ಹೇಳಿದ್ದರೆ ನೀನು ಅಳುತ್ತಿದ್ದೆ, ಬಸ್ಸು ತಪ್ಪುತ್ತಿತ್ತು.

ನೀನು ಬಂದಕೂಡಲೇ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡು ಕೂತೆಯಲ್ಲ, ಆಗಲೇ ನನಗೆ ಅರ್ಧ ಜೀವ ಬಂತು. ಮೇಷ್ಟ್ರ ಮಂಡಿನೋವು, ಕಡ್ಡಿಗೆ ನೋಡಿದ ಹೆಣ್ಣು, ನಿನ್ನ ಮನೆಯ ಸೋರುವ ನಲ್ಲಿ, ಊಟ ಒಂದು ಬಿಟ್ಟು ಎಲ್ಲವನ್ನೂ ಕಿಟಕಿಗೆ ಹೇಳಿದೆ. ಮೊದಲನೇ ತುತ್ತು ಇಳಿಯಲು ಎಷ್ಟು ಹೊತ್ತಾಯಿತು ಎಂದು ನಿನಗೆ ಗೊತ್ತಿಲ್ಲ. ನೀನು ತಿರುಗಿ ನೋಡಲಿಲ್ಲ. ಮೂರನೇ ತುತ್ತಿಗೆ ನಾನೇ "ಅಕ್ಕಾ, ಈ ಕಡೆ ತಿರುಗು" ಅಂದೆ.

ತಿರುಗಿದ ಮೇಲೆ ನಿನ್ನ ಬಾಯಿ ಎರಡು ಸಲ ತೆರೆದು ಮುಚ್ಚಿದ್ದನ್ನು ನೋಡಿದೆ. ಎರಡೂ ಒಳ್ಳೆಯ ಜೋಕೇ ಇದ್ದಿರಬೇಕು. ಬರೆದಿಟ್ಟುಕೋ, ಯಾವತ್ತಾದರೂ ಕೇಳುತ್ತೇನೆ.

ಹೇಳಬೇಕೆಂದಿದ್ದದ್ದು ಇದು. ಎರಡನೇ ಸಲ ಬಡಿಸಲು ಸೌಟು ಎತ್ತಿದವಳು ಹಾಗೇ ನಿಲ್ಲಿಸಿ "ಸಾಕಾ ಪುಟ್ಟ?" ಎಂದು ಕೇಳಿದೆ. ನನಗೆ ಮೂವತ್ತಾರು ವರ್ಷ. ಬೇಕಾ, ಇನ್ನೊಂದು ಹೋಗುತ್ತಾ, ಇಷ್ಟೇನಾ ಎಂದು ಕೇಳಿದವರಿದ್ದಾರೆ. ನೀನು ಕೇಳಿದ್ದನ್ನು ಯಾರೂ ಕೇಳಿರಲಿಲ್ಲ. "ಸಾಕು" ಅಂದೆ. ನೀನು ಪಾತ್ರೆಗೆ ಮುಚ್ಚಳ ಹಾಕಿದೆ. ಅಷ್ಟೇ, ಆಮೇಲೆ ನಲ್ಲಿಯ ಕಥೆ ಮುಂದುವರಿಸಿದೆ.

ಗಂಟೆ ಮುಟ್ಟುವ ಕೆಲಸವೇ ಬರಲಿಲ್ಲ. ತೊಳೆದ ತಟ್ಟೆಗಳ ಜೊತೆ ಅದನ್ನೂ ಒರೆಸಿ ಶೆಲ್ಫಿನಲ್ಲಿಟ್ಟೆ.

ಇವತ್ತು ಮಧ್ಯಾಹ್ನ ಹಸಿವಾಯಿತು. ನೀನು ತಂದದ್ದರಲ್ಲಿ ಉಳಿದದ್ದನ್ನು ಬಿಸಿ ಮಾಡಿಕೊಂಡು, ಷಟರ್ ಎಳೆಯದೆ ಕೌಂಟರಿನಲ್ಲೇ ಕೂತೆ. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ನನ್ನ ಕಡೆ ನೋಡಿ ಮುಂದೆ ಹೋದರು. ಪೂರ್ತಿ ತಿಂದೆ.

ನಿನ್ನ ಡಬ್ಬಿ ಇಲ್ಲೇ ಉಳಿದಿದೆ. ಪೋಸ್ಟಿನಲ್ಲಿ ಕಳಿಸುವುದಿಲ್ಲ, ನೀನೇ ಬಂದು ತಗೊಂಡು ಹೋಗು.

ಪುಟ್ಟ